ಕಾಯಿಸುವುದು ಸುಲಭ, ಆರಿಸುವುದು ಕಷ್ಟ

ಗಾಜಿನ ಮ್ಯೂಸಿಯಂ ಅಂದರೆ ದೀಪ ಹಾಕಿದ ಕಪಾಟು, ಒಳಗೆ ಹೂಜಿ, ಹೂದಾನಿ, ಪಕ್ಕದಲ್ಲಿ ‘ಮುಟ್ಟಬೇಡಿ’ ಫಲಕ. ಇಷ್ಟೇ ಅಲ್ವಾ? ಅಮೆರಿಕದ ಟಕೋಮಾ ಊರಿನಲ್ಲಿ 2002ರಲ್ಲಿ ಬಾಗಿಲು ತೆರೆದ ಮ್ಯೂಸಿಯಂ ಆಫ್ ಗ್ಲಾಸ್ ಇಷ್ಟಕ್ಕೇ ನಿಲ್ಲುವುದಿಲ್ಲ. ಅಲ್ಲಿ 90 ಅಡಿ ಎತ್ತರದ ಉಕ್ಕಿನ ಶಂಕುವೊಂದು ವಾಲಿಕೊಂಡು ನಿಂತಿದೆ. ಅದರ ಕೆಳಗೆ ಕುಲುಮೆ ಉರಿಯುತ್ತದೆ. ಗಾಜು ಊದುವುದನ್ನು ಜನ ಎದುರಿಗೇ ಕೂತು ನೋಡುತ್ತಾರೆ. ಆ ಜಾಗದ ಹೆಸರು ಹಾಟ್ ಶಾಪ್.

ಈ ಕುಲುಮೆಯ ಮುಂದೆ ಕೆಲಸ ಮಾಡಲು ಹೊರಗಿನ ಕಲಾವಿದರನ್ನು ಕರೆಸುತ್ತಾರೆ. ಜತೆಗೆ ಮ್ಯೂಸಿಯಂನದೇ ನುರಿತ ತಂಡ ಇರುತ್ತದೆ. ನನಗೆ ಜಾಸ್ತಿ ಇಷ್ಟವಾಗುವುದು ಮಕ್ಕಳ ಕಾರ್ಯಕ್ರಮ. 12 ವರ್ಷದವರೆಗಿನ ಮಕ್ಕಳು ಬರೆದ ಚಿತ್ರಗಳಲ್ಲಿ ಒಂದನ್ನು ಆರಿಸಿ, ತಂಡ ಅದನ್ನು ಗಾಜಿನಲ್ಲಿ ಮಾಡುತ್ತದೆ. ಮಗು ಪ್ರಾಣಿಗೆ ಏಳು ಕಾಲು ಬರೆದಿದ್ದರೂ ಕಾಗದ ಏನೂ ಅನ್ನುವುದಿಲ್ಲ. ಗಾಜು ಸುಮ್ನೆ ಒಪ್ಪುವುದಿಲ್ಲ.

ಯಾಕೆ? ನೀರು ಸೊನ್ನೆ ಡಿಗ್ರಿಯಲ್ಲಿ ಮಂಜುಗಡ್ಡೆ ಆಗುತ್ತದೆ. ಗಾಜಿಗೆ ಅಂಥ ಒಂದು ಗೆರೆ ಇಲ್ಲ. ಅದರ ಅಣುಗಳು ಹರಳಿನಲ್ಲಿರುವಂತೆ ಸಾಲಾಗಿ ಕೂರುವುದಿಲ್ಲ, ಹೇಗೆ ಇದ್ದವೋ ಹಾಗೇ ಗಟ್ಟಿಯಾಗುತ್ತವೆ. ಸುಮಾರು 1100 ಡಿಗ್ರಿ ಸೆಲ್ಸಿಯಸ್‌ನಲ್ಲಿ ಜೇನುತುಪ್ಪದ ಹಾಗಿದ್ದದ್ದು ಆರುತ್ತಾ ಅಂಟು ಬೆಲ್ಲವಾಗಿ, ಆಮೇಲೆ ಕಲ್ಲಾಗುತ್ತದೆ. ಕಲಾವಿದನಿಗೆ ಸಿಗುವುದು ಈ ನಡುವಿನ ಕೆಲವೇ ಗಳಿಗೆ. ಊದುವ ಕೊಳವೆ ತಿರುಗಿಸುವುದು ನಿಂತರೆ ಅದರ ತುದಿಯ ಗಾಜು ಜೋತುಬೀಳುತ್ತದೆ. ಗಟ್ಟಿಯಾದರೆ ಮತ್ತೆ ಬೆಂಕಿಗೆ ಹಿಡಿಯಬೇಕು. ಏಳನೇ ಕಾಲು ಅಂಟಿಸುವಷ್ಟರಲ್ಲಿ ಮೊದಲನೆಯದು ಆರಿರುತ್ತದೆ!

ಗಾಜಿನ ಬಗ್ಗೆ ಮೊದಲು ಬಿಡಿಸಿಕೊಳ್ಳಬೇಕಾದ ಒಂದು ತಪ್ಪು ತಿಳಿವಳಿಕೆಯೂ ಇಲ್ಲೇ ಇದೆ. ಗಾಜು ನಿಧಾನವಾಗಿ ಹರಿಯುತ್ತದೆ, ಹಳೇ ಚರ್ಚುಗಳ ಕಿಟಕಿಗಾಜು ಅದಕ್ಕೇ ಕೆಳಗೆ ದಪ್ಪ ಎಂಬ ಮಾತು ಈಗಲೂ ಓಡಾಡುತ್ತಿದೆ. ಅದು ನಿಜವಲ್ಲ. ಮಾಮೂಲಿ ತಾಪದಲ್ಲಿ ಗಾಜು ಕಣ್ಣಿಗೆ ಕಾಣುವಷ್ಟು ಹರಿಯಲು ಬ್ರಹ್ಮಾಂಡದ ವಯಸ್ಸೂ ಸಾಲದು. ಆಗಿನ ಕಾಲದಲ್ಲಿ ಗಾಜನ್ನು ಒಂದೇ ದಪ್ಪಕ್ಕೆ ಮಾಡಲು ಬರುತ್ತಿರಲಿಲ್ಲ, ಅಷ್ಟೇ. ಮೇಲೆ ದಪ್ಪ ಇರುವ ಗಾಜುಗಳೂ ಇವೆ.

ಊದಿ ಮುಗಿದ ಮೇಲೆ ಜನ ಚಪ್ಪಾಳೆ ತಟ್ಟಿ ಎದ್ದು ಹೋಗುತ್ತಾರೆ. ನಿಜವಾದ ಗಂಡಾಂತರ ಶುರುವಾಗುವುದೇ ಆಗ. ಹೊರಮೈ ಬೇಗ ಆರಿ ಬಿಗಿಯುತ್ತದೆ, ಒಳಗಿನ್ನೂ ಬಿಸಿ. ಆಮೇಲೆ ಒಳಭಾಗ ಆರಿ ಕುಗ್ಗಲು ನೋಡಿದರೆ ಹೊರಮೈ ಬಿಡುವುದಿಲ್ಲ. ಈ ಜಗ್ಗಾಟ ಒಳಗೇ ಉಳಿದರೆ, ಚೆನ್ನಾಗಿ ಕಂಡ ಹೂದಾನಿ ನಾಳೆ ಯಾರೂ ಮುಟ್ಟದಿದ್ದರೂ ಸೀಳಬಹುದು. ಅದಕ್ಕೆ ಸುಮಾರು 480–500 ಡಿಗ್ರಿಯ ಗೂಡಿನೊಳಗಿಟ್ಟು, ಮೈಯೆಲ್ಲ ಒಂದೇ ಬಿಸಿಗೆ ಬಂದ ಮೇಲೆ, ಮೆಲ್ಲಮೆಲ್ಲಗೆ ಇಳಿಸುತ್ತಾರೆ. ಇದಕ್ಕೆ ಅನೀಲಿಂಗ್ ಎನ್ನುತ್ತಾರೆ. ದಪ್ಪ ಎರಡು ಪಟ್ಟಾದರೆ ಕಾಯುವ ಹೊತ್ತು ಹೆಚ್ಚುಕಡಿಮೆ ನಾಲ್ಕು ಪಟ್ಟು.

ಈ ಲೆಕ್ಕ ಎಲ್ಲಿಗೆ ಮುಟ್ಟುತ್ತದೆ ಎಂದು ನೋಡಬೇಕಾದರೆ ನ್ಯೂಯಾರ್ಕ್ ರಾಜ್ಯದ ಕಾರ್ನಿಂಗ್ ಊರಿನ ಗಾಜಿನ ಮ್ಯೂಸಿಯಂಗೆ ಹೋಗಬೇಕು. 1951ರಲ್ಲಿ ಶುರುವಾದ ಜಾಗ ಅದು. ಅಲ್ಲಿ 200 ಇಂಚು, ಅಂದರೆ ಸುಮಾರು 5 ಮೀಟರ್ ಅಗಲದ ಗಾಜಿನ ಬಿಲ್ಲೆಯೊಂದಿದೆ. ಕ್ಯಾಲಿಫೋರ್ನಿಯಾದ ಪಾಲೋಮಾರ್ ಬೆಟ್ಟದ ದೂರದರ್ಶಕದ ಕನ್ನಡಿಗಾಗಿ 1934ರ ಮಾರ್ಚ್‌ನಲ್ಲಿ ಅದನ್ನು ಎರಕ ಹೊಯ್ದರು. ಹಿಂಬದಿಯಲ್ಲಿ ಜೇನುಗೂಡಿನಂಥ ಗುಳಿಗಳು ಮೂಡಲೆಂದು ಅಚ್ಚಿನ ತಳಕ್ಕೆ ಇಟ್ಟಿಗೆಯ ದಿಂಡುಗಳನ್ನು ಬಿಗಿದಿದ್ದರು. ದಿಂಡುಗಳನ್ನು ಹಿಡಿದಿದ್ದ ಲೋಹ ಕಾವಿಗೆ ಸೋತಿತು. ಕೆಲವು ದಿಂಡುಗಳು ಕಿತ್ತು, ಕಾದ ಗಾಜಿನ ಮೇಲೆ ತೇಲತೊಡಗಿದವು.

ಅದೇ ಡಿಸೆಂಬರ್‌ನಲ್ಲಿ ಇನ್ನೊಮ್ಮೆ ಹೊಯ್ದರು. ಈ ಸಲ ದಿಂಡುಗಳು ಅಲ್ಲಾಡಲಿಲ್ಲ. ಬಿಲ್ಲೆಯನ್ನು ಆರಿಸಲು ಹಿಡಿದದ್ದು ಸುಮಾರು ಹತ್ತು ತಿಂಗಳು. ನಡುವೆ 1935ರ ಜುಲೈನಲ್ಲಿ ನೆರೆ ಬಂದು ಕರೆಂಟೂ ನಿಂತಿತ್ತು. ಬಿಲ್ಲೆ ಉಳಿಯಿತು. 1936ರಲ್ಲಿ ರೈಲು ಹತ್ತಿ ಕ್ಯಾಲಿಫೋರ್ನಿಯಾಕ್ಕೆ ಹೋಯಿತು. ಉಜ್ಜಿ ಹೊಳಪು ಕೊಟ್ಟು ಬೆಟ್ಟಕ್ಕೆ ಏರಿಸಿ, 1948ರಲ್ಲಿ ದೂರದರ್ಶಕ ಉದ್ಘಾಟನೆಯಾಯಿತು.

ಮ್ಯೂಸಿಯಂನಲ್ಲಿರುವುದು ಕೆಟ್ಟುಹೋದ ಮೊದಲನೆಯದು.