ಕಾವು ಕೂರು, ಮರಿ ಮಾಡು, ಸಾಕು, ಸಲಹು: ಯಾವುದು ಎಲ್ಲಿ?

ಕೋಳಿ ಮೊಟ್ಟೆಗಳ ಮೇಲೆ ಕೂತು ಅವುಗಳನ್ನು ಬೆಚ್ಚಗಿಡುವುದಕ್ಕೆ ‘ಕಾವು ಕೂರು’ ಅನ್ನುತ್ತೇವೆ. ಇದರ ಆಸುಪಾಸಿನಲ್ಲೇ ಮರಿ ಮಾಡು, ಸಾಕು, ಸಲಹು, ಪೊರೆ, ಪೋಷಿಸು ಎಂಬ ಪದಗಳೂ ಇವೆ. ಪರೀಕ್ಷೆಯಲ್ಲಿ ಇವನ್ನೆಲ್ಲ ಸಮಾನಾರ್ಥಕ ಅಂತ ಬರೆದರೆ ಅಂಕ ಸಿಗಬಹುದು. ಆದರೆ ಆಡುವಾಗ ಒಂದರ ಜಾಗದಲ್ಲಿ ಇನ್ನೊಂದನ್ನು ಇಟ್ಟರೆ ಹಳ್ಳಿಯ ಅಜ್ಜಿ ನಕ್ಕುಬಿಡುತ್ತಾಳೆ.

ಮೊದಲು ಕಾವಿನ ವಿಷಯ. ಕೋಳಿ ಕಾವಿಗೆ ‘ಕೂರುತ್ತದೆ’. ಮನೆಯವರು ಮಂಕರಿಯಲ್ಲಿ ಹುಲ್ಲು ಹಾಸಿ, ಮೊಟ್ಟೆ ಇಟ್ಟು ಅದನ್ನು ಕಾವಿಗೆ ‘ಕೂರಿಸುತ್ತಾರೆ’. ಯಂತ್ರವಾದರೆ ಕಾವು ‘ಕೊಡುತ್ತದೆ’. ಇದಕ್ಕೂ ಮುಂಚಿನ ಹಂತಕ್ಕೂ ಒಂದು ಮಾತಿದೆ, ‘ಕೋಳಿ ಕಾವಿಗೆ ಬಂದಿದೆ’. ಆಗ ಅದು ಮೊಟ್ಟೆ ಇಡುವುದನ್ನು ನಿಲ್ಲಿಸುತ್ತದೆ. ಗೂಡು ಬಿಟ್ಟು ಏಳುವುದಿಲ್ಲ. ಹತ್ತಿರ ಹೋದರೆ ಪುಕ್ಕ ಕೆದರಿಕೊಂಡು ಕುಕ್ಕಲು ಬರುತ್ತದೆ. ಪ್ರೊಲ್ಯಾಕ್ಟಿನ್ ಎಂಬ ಹಾರ್ಮೋನು ಜಾಸ್ತಿಯಾಗುವುದು ಇದಕ್ಕೆ ಕಾರಣ. ಹೊಟ್ಟೆಯಡಿಯ ಪುಕ್ಕ ಉದುರಿ ಬರಿ ಚರ್ಮ ಮೊಟ್ಟೆಗೆ ತಾಗುತ್ತದೆ. ಕಾವಿಗೆ ಬಂದ ಕೋಳಿಯಿಂದ ಮೊಟ್ಟೆ ವ್ಯಾಪಾರಿಗೆ ನಷ್ಟ ತಾನೇ? ಹಾಗಾಗಿ ವೈಟ್ ಲೆಗ್‌ಹಾರ್ನ್‌ನಂಥ ಫಾರಂ ತಳಿಗಳಲ್ಲಿ ಈ ಗುಣವನ್ನೇ ತಳಿಗಾರರು ಹೆಚ್ಚುಕಮ್ಮಿ ಅಳಿಸಿಹಾಕಿದ್ದಾರೆ. ನಾಟಿ ಕೋಳಿಯಲ್ಲಿ ಅದು ಇನ್ನೂ ಗಟ್ಟಿಯಾಗಿದೆ. ಬಾತುಕೋಳಿಯ ಮೊಟ್ಟೆ ಇಟ್ಟರೂ ಪಾಪ, ಅದು ತನ್ನದೇ ಅಂತ ಕೂರುತ್ತದೆ. ತನ್ನ ಮೊಟ್ಟೆಗೆ 21 ದಿನ ಸಾಕು, ಬಾತಿನದಕ್ಕೆ 28 ದಿನ ಬೇಕು.

ಸುಮ್ನೆ ಕೂತಿರುವುದೇ ಕಾವಲ್ಲ. ಕೋಳಿ ಕೊಕ್ಕಿನಿಂದ ಮೊಟ್ಟೆಗಳನ್ನು ಆಗಾಗ ಹೊರಳಿಸುತ್ತಿರುತ್ತದೆ. ಇಲ್ಲದಿದ್ದರೆ ಒಳಗಿನ ಪಿಂಡ ಚಿಪ್ಪಿನ ಒಳಪೊರೆಗೆ ಅಂಟಿಕೊಳ್ಳುತ್ತದೆ. ಯಂತ್ರದಲ್ಲೂ ಇದೇ ಕ್ರಮ. ಸುಮಾರು 37.5 ಡಿಗ್ರಿ ಸೆಲ್ಸಿಯಸ್ ಶಾಖ, ತಕ್ಕಷ್ಟು ತೇವ, ದಿನಕ್ಕೆ ಹಲವು ಸಲ ಹೊರಳಿಸುವುದು. ಕೊನೆಯ ಮೂರು ದಿನ ಮಾತ್ರ ಹೊರಳಿಸುವುದಿಲ್ಲ. ಒಳಗೆ ಮರಿ ಹೊರಬರಲು ಸರಿಯಾದ ಭಂಗಿಯಲ್ಲಿ ಸಿದ್ಧವಾಗುತ್ತಿರುತ್ತದೆ.

ಮೊಟ್ಟೆ ಒಡೆಯಿತು ಅಂತಿಟ್ಟುಕೊಳ್ಳಿ. ಆಗ ‘ಕೋಳಿ ಹತ್ತು ಮರಿ ಮಾಡಿದೆ’ ಅನ್ನಬೇಕು. ‘ಮರಿ ಹಾಕಿದೆ’ ಅಂದರೆ ತಪ್ಪು. ಅದು ನಾಯಿ, ಬೆಕ್ಕು, ಮೇಕೆಗೆ ಹೇಳುವ ಮಾತು. ದಿನವಿಡೀ ಕೂತು ಮಾಡುವ ಕೆಲಸಕ್ಕೆ ‘ಮಾಡು’ ಅನ್ನುವುದು ನನಗಂತೂ ಸರಿಯಾಗಿಯೇ ಕಾಣುತ್ತದೆ.

‘ಕಾವು’ ಬಂದಿರುವುದು ನೀರು ‘ಕಾಯು’ವುದು ಅನ್ನುವಾಗಿನ ಕಾಯುವಿನಿಂದ. ದನ ಕಾಯುವುದು, ಬಸ್ಸಿಗೆ ಕಾಯುವುದು ಅನ್ನುವಾಗಿನ ಕಾಯು ಬೇರೆ. ಭಾಷಾಶಾಸ್ತ್ರಜ್ಞರು ಇವನ್ನು ಎರಡು ಬೇರೆ ಧಾತು ಅಂತಲೇ ಎಣಿಸುತ್ತಾರೆ. ಆದರೂ ಗೂಡಿನಲ್ಲಿ ಎರಡೂ ಒಟ್ಟಿಗೆ ನಡೆಯುತ್ತವೆ. ಆಗುಂಬೆ ಕಡೆಯ ಕಾಳಿಂಗ ಸರ್ಪದ ವಿಷಯದಲ್ಲಿ ಮಾತ್ರ ಕಾವು ಒಬ್ಬರದು, ಕಾವಲು ಇನ್ನೊಬ್ಬರದು. ಹೆಣ್ಣು ಹಾವು ತರಗೆಲೆ ಗುಡ್ಡೆ ಹಾಕಿ ಗೂಡು ಕಟ್ಟಿ ಒಳಗೆ ಮೊಟ್ಟೆ ಇಡುತ್ತದೆ. ಕೊಳೆಯುವ ಎಲೆಗಳು ಕಾವು ಕೊಡುತ್ತವೆ, ತಾಯಿ ಕಾವಲು ಇರುತ್ತದೆ. ಮರಿ ಬರುವ ಹೊತ್ತಿಗೆ ಅದು ಅಲ್ಲಿಂದ ಹೊರಟುಬಿಡುತ್ತದೆ. ಹೆಬ್ಬಾವು ಹೀಗಲ್ಲ. ಮೊಟ್ಟೆಗಳ ಸುತ್ತ ಸುರುಳಿ ಸುತ್ತಿಕೊಂಡು, ಮೈಯ ಸ್ನಾಯುಗಳನ್ನು ನಡುಗಿಸಿ ತಾನೇ ಶಾಖ ಹುಟ್ಟಿಸುತ್ತದೆ. ಕಾರವಾರ, ಹೊನ್ನಾವರದ ಕಡಲತೀರಕ್ಕೆ ಬರುವ ಆಲಿವ್ ರಿಡ್ಲೆ ಆಮೆಯಂತೂ ಮರಳಿನಲ್ಲಿ ಮೊಟ್ಟೆ ಹೂತು ಸಮುದ್ರಕ್ಕೆ ಮರಳುತ್ತದೆ. ಅಲ್ಲಿ ಬಿಸಿಲೇ ಎಲ್ಲ. ಮರಳು ಹೆಚ್ಚು ಬಿಸಿಯಾದರೆ ಹೆಣ್ಣು ಮರಿಗಳೇ ಜಾಸ್ತಿ.

ಪತ್ರಿಕೆಗಳಿಗೆ ‘ಕಾವು’ ಅಂದರೆ ನೆನಪಾಗುವುದು ಚುನಾವಣೆ. ‘ಚುನಾವಣಾ ಕಾವು ಏರಿದೆ’ ಎಂಬ ತಲೆಬರಹ ಇಲ್ಲದೆ ಯಾವ ಚುನಾವಣೆಯೂ ಮುಗಿಯುವುದಿಲ್ಲ. ಅಲ್ಲಿ ಬರೀ ಬಿಸಿ, ಮೊಟ್ಟೆಯ ಸುದ್ದಿಯೇ ಇಲ್ಲ. ಬೆಂಗಳೂರಿನ ಹೊಸ ಕಂಪನಿಗಳಿಗೆ ಜಾಗ, ಸಲಹೆ, ದುಡ್ಡಿನ ದಾರಿ ತೋರಿಸುವ ‘ಇನ್‌ಕ್ಯುಬೇಟರ್’ಗಳಿವೆಯಲ್ಲ, ಆ ಹೆಸರಿಗೆ ಮಾತ್ರ ಮೊಟ್ಟೆಯ ನಂಟಿದೆ. 1959ರಲ್ಲಿ ಅಮೆರಿಕದ ನ್ಯೂಯಾರ್ಕ್ ರಾಜ್ಯದ ಬಟಾವಿಯಾದಲ್ಲಿ ಮುಚ್ಚಿಹೋಗಿದ್ದ ಕಾರ್ಖಾನೆಯ ಕಟ್ಟಡವನ್ನು ಸಣ್ಣ ಸಣ್ಣ ಉದ್ಯಮಗಳಿಗೆ ಬಾಡಿಗೆಗೆ ಕೊಡತೊಡಗಿದರು. ಬಾಡಿಗೆದಾರರಲ್ಲಿ ಕೋಳಿಮರಿ ಮಾಡಿಸುವವರೂ ಇದ್ದರು. ಅದನ್ನು ನೋಡಿ ಅಲ್ಲಿನ ವ್ಯವಸ್ಥಾಪಕರು ಇಡೀ ಕಟ್ಟಡವನ್ನೇ ತಮಾಷೆಗೆ ಇನ್‌ಕ್ಯುಬೇಟರ್ ಅಂದರು. ಹೆಸರು ನಿಂತುಬಿಟ್ಟಿತು.

ಇನ್ನು ಮರಿ ಬಂದ ಮೇಲಿನ ಪದಗಳು. ‘ಸಾಕು’ ಎಲ್ಲಕ್ಕಿಂತ ಅಗಲ. ಹಸು, ನಾಯಿ, ಜೇನು, ಮಗು, ಯಾರನ್ನು ಬೇಕಾದರೂ ಸಾಕಬಹುದು. ಕೂಲಿಗಾಗಿ, ಲಾಭಕ್ಕಾಗಿ, ಪ್ರೀತಿಗಾಗಿ ಸಾಕಬಹುದು. ಕೋಳಿ ಸಾಕಾಣಿಕೆ ಎಂಬ ಉದ್ಯಮದ ಪದವೂ ಇದರಿಂದಲೇ ಬಂದಿದೆ, ಸಾಕುತಾಯಿಯೂ ಇದರಿಂದಲೇ. ರೇಷ್ಮೆಯಲ್ಲೂ ‘ಸಾಕು’ ಇದೆ. ಶಿಡ್ಲಘಟ್ಟ, ರಾಮನಗರದ ಸುತ್ತ ಮೊದಲ ಎರಡು ಹಂತದ ಎಳೆ ಹುಳುಗಳನ್ನು ನೋಡಿಕೊಳ್ಳುವುದಕ್ಕೆ ‘ಚಾಕಿ ಸಾಕಾಣಿಕೆ’ ಅನ್ನುತ್ತಾರೆ. ಅದಕ್ಕೂ ಮೊದಲು ಮೊಟ್ಟೆಯನ್ನು ಸುಮಾರು 25 ಡಿಗ್ರಿಯಲ್ಲಿ ಇಡಬೇಕು. ಹುಳು ಹೊರಬರುವ ಮುಂಚೆ ಒಂದೆರಡು ದಿನ ಕತ್ತಲಲ್ಲಿಟ್ಟು, ಬೆಳಗ್ಗೆ ಬೆಳಕಿಗೆ ಒಡ್ಡಿದರೆ ಹೆಚ್ಚಿನವು ಒಟ್ಟಿಗೇ ಹೊರಬರುತ್ತವೆ.

‘ಸಲಹು’ ಇಷ್ಟು ಅಗಲವಲ್ಲ. ‘ನಾಲ್ಕು ಎಮ್ಮೆ ಸಲಹಿದ್ದೇನೆ’ ಅಂತ ಯಾರೂ ಅನ್ನುವುದಿಲ್ಲ. ತಂದೆತಾಯಿ ಮಕ್ಕಳನ್ನು ‘ಸಾಕಿ ಸಲಹು’ತ್ತಾರೆ, ದೇವರು ಭಕ್ತರನ್ನು ಸಲಹುತ್ತಾನೆ. ದೊಡ್ಡವರು ಚಿಕ್ಕವರಿಗೆ ಕೊಡುವ ಆಸರೆ ಈ ಪದದಲ್ಲಿ ಸೇರಿಕೊಂಡಿದೆ.

‘ಪೊರೆ’ ಇನ್ನೂ ಹಳೆಯದು. ಈಗ ಕವಿತೆ, ಭಜನೆಯಲ್ಲಷ್ಟೇ ಸಿಗುತ್ತದೆ ಅಂದುಕೊಳ್ಳುತ್ತೇವೆ. ಆದರೆ ಹಳಗನ್ನಡದ ಪಕಾರ ಹಕಾರವಾದಾಗ ಇದು ‘ಹೊರೆ’ ಆಗಿ, ‘ಹೊಟ್ಟೆ ಹೊರೆಯಲು ಊರು ಬಿಟ್ಟರು’ ಎಂಬಂಥ ಮಾತಿನಲ್ಲಿ ಇವತ್ತಿಗೂ ದುಡಿಯುತ್ತಿದೆ.

ಸಂಸ್ಕೃತದಿಂದ ಬಂದ ‘ಪಾಲಿಸು’ ನಮ್ಮಲ್ಲಿ ದಾರಿ ಬದಲಿಸಿತು. ಈಗ ನಿಯಮ ಪಾಲಿಸುತ್ತೇವೆ, ಮಾತು ಪಾಲಿಸುತ್ತೇವೆ. ಬೆಳೆಸುವ ಅರ್ಥ ‘ಲಾಲನೆ ಪಾಲನೆ’, ‘ಪಶುಪಾಲನೆ’ಯಲ್ಲಿ ಉಳಿದಿದೆ. ‘ಪೋಷಿಸು’ ಶಾಲೆಯ ಸೂಚನಾಪತ್ರದಲ್ಲಿ ‘ಪೋಷಕರು’ ಆಯಿತು, ಸಿನಿಮಾದಲ್ಲಿ ‘ಪೋಷಕ ನಟ’ ಆಯಿತು.

ಇದೇ ಧಾತುವಿನಿಂದ ಕೋಗಿಲೆಗೆ ‘ಪರಪುಷ್ಟ’ ಎಂಬ ಹೆಸರಿದೆ, ಅಂದರೆ ಬೇರೆಯವರು ಸಾಕಿದ್ದು. ಕೋಗಿಲೆ ಕಾಗೆಯ ಗೂಡಿನಲ್ಲಿ ಮೊಟ್ಟೆ ಇಟ್ಟು ಹಾರಿಹೋಗುತ್ತದೆ. ಕಾಗೆ ಕಾವು ಕೂರುತ್ತದೆ, ತನ್ನ ಮರಿಗಿಂತ ಮೊದಲೇ ಮೊಟ್ಟೆ ಒಡೆದು ಬಂದ ಆ ಮರಿಗೆ ತುತ್ತನ್ನೂ ಕೊಡುತ್ತದೆ. ಅಮರಕೋಶ ಇಬ್ಬರನ್ನೂ ಒಂದೇ ಅಕ್ಷರದ ಅಂತರದಲ್ಲಿ ಇಟ್ಟಿದೆ: ಕೋಗಿಲೆ ‘ಪರಭೃತ’, ಕಾಗೆ ‘ಪರಭೃತ್’. ಮೊದಲನೆಯದು ಪರರಿಂದ ಸಾಕಿಸಿಕೊಂಡದ್ದು, ಎರಡನೆಯದು ಪರರನ್ನು ಸಾಕಿದ್ದು.