ನಿಲ್ಲದ ಬಸ್ಸು: ‘ಕರ್ಣನ್’ ಹಿಂದಿರುವ ಕೊಡಿಯಂಕುಳಂ

ಮೂರ್ಛೆ ಬಂದ ಹುಡುಗಿಯೊಬ್ಬಳು ನಡುರಸ್ತೆಯಲ್ಲಿ ಬಿದ್ದು ಒದ್ದಾಡುತ್ತಿದ್ದಾಳೆ. ವಾಹನಗಳು ಅತ್ತಿತ್ತ ಹಾದುಹೋಗುತ್ತವೆ, ಒಂದೂ ನಿಲ್ಲುವುದಿಲ್ಲ. 2021ರಲ್ಲಿ ಬಂದ ಮಾರಿ ಸೆಲ್ವರಾಜ್ ಅವರ ತಮಿಳು ಚಿತ್ರ ‘ಕರ್ಣನ್’ ಶುರುವಾಗುವುದು ಹೀಗೆ. ಕಥೆ ನಡೆಯುವ ದಲಿತರ ಹಳ್ಳಿ ಪೊಡಿಯಂಕುಳಂಗೆ ಬಸ್ ಸ್ಟಾಪ್ ಇಲ್ಲ. ಬಸ್ಸು ಹತ್ತಲು ಪಕ್ಕದ ಮೇಲೂರಿಗೆ ಹೋಗಬೇಕು, ಅಲ್ಲಿಯವರ ಅವಮಾನ ನುಂಗಬೇಕು.

ತಮಿಳಿನ ಹಳ್ಳಿ ಸಿನಿಮಾಕ್ಕೆ ಹಗೆತನ ಹೊಸದಲ್ಲ. 1992ರ ‘ತೇವರ್ ಮಗನ್’ನಲ್ಲಿ (2006ರಲ್ಲಿ ಅದು ‘ತಂದೆಗೆ ತಕ್ಕ ಮಗ’ನಾಗಿ ಕನ್ನಡಕ್ಕೂ ಬಂತು) ಕಾದಾಡುವುದು ದಾಯಾದಿಗಳು, ನೀರಿನಲ್ಲಿ ಕೊಚ್ಚಿಹೋಗುವುದು ಬಡವರು. ‘ಕರ್ಣನ್’ ಈ ಬಡವರ ಅಂಗಳದಲ್ಲಿ ನಿಂತು ಕಥೆ ಹೇಳಿತು. ಅದರ ಬೇರು ತೂತ್ತುಕುಡಿ ಸೀಮೆಯ ಕೊಡಿಯಂಕುಳಂನಲ್ಲಿದೆ.

ಅಲ್ಲಿಯೂ ಕಿಡಿ ಹೊತ್ತಿದ್ದು ಬಸ್ಸಿನಿಂದಲೇ. 1995ರ ಜುಲೈನಲ್ಲಿ ತಿರುನೆಲ್ವೇಲಿ ಸೀಮೆಯ ವೀರಸಿಗಾಮಣಿಯಲ್ಲಿ ಬಸ್ ಚಾಲಕನಿಗೂ ದಲಿತ ಶಾಲಾಮಕ್ಕಳಿಗೂ ಜಗಳವಾಯಿತು. ಅದು ಪ್ರಬಲರಾದ ಮರವರ್ ಮತ್ತು ದಲಿತರಾದ ಪಳ್ಳರ್ ಸಮುದಾಯಗಳ ಘರ್ಷಣೆಯಾಗಿ ಊರಿಂದೂರಿಗೆ ಹಬ್ಬಿತು. ಆಗಸ್ಟ್ 31ರಂದು ಸುಮಾರು 600 ಪೊಲೀಸರು ಕೊಡಿಯಂಕುಳಂಗೆ ನುಗ್ಗಿದರು. ಅದು ಗಲ್ಫ್ ದುಡಿಮೆಯಿಂದ ತಲೆಯೆತ್ತಿದ್ದ ದಲಿತರ ಊರು. ಟೀವಿ, ಹೊಲಿಗೆ ಯಂತ್ರಗಳು ಪುಡಿಯಾದವು. ಪಾಸ್‌ಪೋರ್ಟುಗಳನ್ನೂ ಬಿಡಲಿಲ್ಲ. ನನ್ನನ್ನು ಹೆಚ್ಚು ಕಲಕುವುದು ಇದೇ: ಒಡೆದ ಟೀವಿಯನ್ನು ಮತ್ತೆ ಕೊಳ್ಳಬಹುದು, ಪಾಸ್‌ಪೋರ್ಟ್ ಹೋದರೆ ಊರು ದಾಟುವ ದಾರಿಯೇ ಮುಚ್ಚಿತು. ಚಿತ್ರದ ಪೊಲೀಸ್ ಅಧಿಕಾರಿಗೂ ಕಣ್ಣು ಕುಕ್ಕುವುದು ಆ ಜನರ ನೆಟ್ಟಗಿನ ಬೆನ್ನು, ದುರ್ಯೋಧನನೆಂಬಂಥ ಅವರ ಹೆಸರುಗಳು.

ಬಸ್ಸಿನ ಕಥೆ ಅಲ್ಲಿಗೂ ನಿಲ್ಲಲಿಲ್ಲ. 1997ರಲ್ಲಿ ವಿರುದುನಗರದ ಹೊಸ ಸಾರಿಗೆ ನಿಗಮಕ್ಕೆ ದಲಿತ ವೀರ ಸುಂದರಲಿಂಗಂ ಅವರ ಹೆಸರಿಟ್ಟಾಗ ಗಲಭೆಯೆದ್ದಿತು. ಸರ್ಕಾರ ಕೊನೆಗೆ ಎಲ್ಲ ನಿಗಮಗಳಿಂದ, ಜಿಲ್ಲೆಗಳಿಂದಲೂ ನಾಯಕರ ಹೆಸರುಗಳನ್ನು ತೆಗೆದುಹಾಕಿತು. ಅದೇ ವರ್ಷ ಜೂನ್‌ನಲ್ಲಿ ಮದುರೈ ಬಳಿಯ ಮೇಲವಳವಿನಲ್ಲಿ, ಮೀಸಲು ಸ್ಥಾನದಿಂದ ಗೆದ್ದಿದ್ದ ಪಂಚಾಯಿತಿ ಅಧ್ಯಕ್ಷ ಮುರುಗೇಶನ್ ಮತ್ತು ಐವರನ್ನು ಕೊಂದರು. ಅವರು ಬಸ್ಸಿನಲ್ಲಿ ಊರಿಗೆ ಮರಳುತ್ತಿದ್ದರು.

ಹೀಗಾಗಿ ಚಿತ್ರದ ನಾಯಕ ಕರ್ಣನ್ ಬಸ್ಸಿನ ಮೇಲೆ ದೊಣ್ಣೆ ಬೀಸುವುದು ನನಗೆ ಬರೀ ಹೊಡೆದಾಟದ ದೃಶ್ಯವಾಗಿ ಕಾಣಲಿಲ್ಲ. ಕೈ ಅಡ್ಡ ಹಿಡಿದು ಹಿಡಿದು ಸೋತವರ ಸಿಟ್ಟು ಅದು.

ಒಂದು ಕೊರಗು ಉಳಿದಿದೆ. ಕಥೆಯ ಕಾಲ ತೆರೆಯ ಮೇಲೆ ಮೊದಲು 1997 ಎಂದಿತ್ತು. ಆಗ ಅಧಿಕಾರದಲ್ಲಿದ್ದದ್ದು ಡಿಎಂಕೆ. ಆ ಪಕ್ಷದ ಉದಯನಿಧಿ ಸ್ಟಾಲಿನ್ ಆಕ್ಷೇಪಿಸಿದ ಮೇಲೆ ಅದು ‘90ರ ದಶಕದ ಉತ್ತರಾರ್ಧ’ವಾಯಿತು. ಕೊಡಿಯಂಕುಳಂ ಮೇಲೆ ದಾಳಿ ನಡೆದದ್ದು ಜಯಲಲಿತಾ ಮುಖ್ಯಮಂತ್ರಿಯಾಗಿದ್ದ 1995ರಲ್ಲಿ. ಆ ಇಸವಿ ತೆರೆಯ ಮೇಲೆ ಬರಲೇ ಇಲ್ಲ.