ಎನ್‌ಐಸಿಯುನಲ್ಲಿರುವ ಮಗು ಸುಧಾರಿಸುತ್ತಿದೆ ಎಂದು ಹೆತ್ತವರು ತಿಳಿಯುವುದು ಹೇಗೆ?

ಪ್ರಶ್ನೆ: ನಮ್ಮ ಮಗಳು 29 ವಾರಕ್ಕೇ ಹುಟ್ಟಿದಳು. ತೂಕ 1,150 ಗ್ರಾಂ ಇತ್ತು. ಎನ್‌ಐಸಿಯುನಲ್ಲಿ ಇಂದಿಗೆ ಹದಿನೈದು ದಿನ ಕಳೆದಿದೆ. ಒಂದು ದಿನ ‘ಪರವಾಗಿಲ್ಲ, ಚೆನ್ನಾಗಿದ್ದಾಳೆ’ ಎನ್ನುತ್ತಾರೆ. ಮರುದಿನ ‘ಹಾಲು ನಿಲ್ಲಿಸಿದ್ದೇವೆ, ಆಕ್ಸಿಜನ್ ಸ್ವಲ್ಪ ಹೆಚ್ಚಿಸಿದ್ದೇವೆ’ ಎನ್ನುತ್ತಾರೆ. ಮಾನಿಟರ್ ಕೂಗಿದಾಗಲೆಲ್ಲ ಜೀವ ಬಾಯಿಗೆ ಬರುತ್ತದೆ. ಮಗು ನಿಜಕ್ಕೂ ಸುಧಾರಿಸುತ್ತಿದೆಯೇ ಎಂದು ನಮ್ಮಂಥವರು ತಿಳಿಯುವುದು ಹೇಗೆ?

ಉತ್ತರ: ಎನ್‌ಐಸಿಯು, ಅಂದರೆ ನವಜಾತ ಶಿಶುಗಳ ತೀವ್ರ ನಿಗಾ ಘಟಕದಲ್ಲಿ ನರ್ಸ್ ಆಗಿ ನಾನು ಅತಿ ಹೆಚ್ಚು ಸಲ ಕೇಳಿಸಿಕೊಂಡ ಪ್ರಶ್ನೆ ಇದು. ಕೇಳುವಾಗ ತಂದೆ ತಾಯಿಯ ಕಣ್ಣು ನನ್ನ ಮೇಲೆ ಇರುತ್ತಿರಲಿಲ್ಲ, ಮಾನಿಟರ್ ಮೇಲೆ ನೆಟ್ಟಿರುತ್ತಿತ್ತು. ಅದಕ್ಕೇ ಮೊದಲು ಹೇಳಬೇಕಾದ ಮಾತು ಇದು: ಪರದೆಯ ಮೇಲೆ ಅಂಕಿ ಎಷ್ಟಿದೆ ಎಂದು ನೋಡುವ ಜೊತೆಗೆ, ಆ ಅಂಕಿ ಬರಲು ನಿಮ್ಮ ಮಗಳಿಗೆ ಎಷ್ಟು ನೆರವು ಬೇಕಾಗಿದೆ ಎಂದು ಕೇಳಿ. ಸುಧಾರಣೆ ಕಾಣುವುದು ಅಲ್ಲಿ.

ಇಬ್ಬರು ಮಕ್ಕಳ ರಕ್ತದ ಆಕ್ಸಿಜನ್ ಮಟ್ಟ ಶೇ 92 ಇದೆ ಎಂದುಕೊಳ್ಳಿ. ಒಂದು ಮಗು ವೆಂಟಿಲೇಟರ್‌ನಲ್ಲಿದೆ, ಅದಕ್ಕೆ ಕೊಡುವ ಗಾಳಿಯಲ್ಲಿ ಶೇ 60ರಷ್ಟು ಆಕ್ಸಿಜನ್ ಇದೆ. ಇನ್ನೊಂದರ ಮೂಗಿಗೆ ಸಿಪ್ಯಾಪ್ (ಮಗು ತಾನೇ ಉಸಿರಾಡುವಾಗ ಒತ್ತಡದ ಗಾಳಿ ಕೊಟ್ಟು ಶ್ವಾಸಕೋಶವನ್ನು ತೆರೆದಿಡುವ ಸಾಧನ) ಹಾಕಿದ್ದಾರೆ, ಆಕ್ಸಿಜನ್ ಶೇ 25 ಸಾಕಾಗಿದೆ. ಪರದೆ ತೋರಿಸುವ ಅಂಕಿ ಒಂದೇ, ಮಕ್ಕಳ ಸ್ಥಿತಿ ಅಜಗಜಾಂತರ. ನಾವೆಲ್ಲ ಉಸಿರಾಡುವ ಗಾಳಿಯಲ್ಲಿ ಇರುವುದು ಶೇ 21 ಆಕ್ಸಿಜನ್. ನಿಮ್ಮ ಮಗಳಿಗೆ ಕೊಡುವ ಪ್ರಮಾಣ ವಾರದಿಂದ ವಾರಕ್ಕೆ ಆ 21ರ ಕಡೆಗೆ ಇಳಿಯುತ್ತಿದ್ದರೆ ಶ್ವಾಸಕೋಶ ಬಲಗೊಳ್ಳುತ್ತಿದೆ ಎಂದು ಅರ್ಥ. ನಡುವೆ ಒಂದೆರಡು ದಿನ 30ಕ್ಕೆ ಏರಿದರೂ ಆ ಅರ್ಥ ಕೆಡುವುದಿಲ್ಲ.

‘ವಾರದಿಂದ ವಾರಕ್ಕೆ’ ಎಂದು ಬೇಕೆಂದೇ ಹೇಳಿದೆ. ದಿನದ ಲೆಕ್ಕ ಹಿಡಿದರೆ ಈ ವಾರ್ಡ್ ಯಾರನ್ನೂ ನೆಮ್ಮದಿಯಾಗಿ ಇರಲು ಬಿಡುವುದಿಲ್ಲ. ಒಂದು ನೋಟ್‌ಬುಕ್ ಇಟ್ಟುಕೊಳ್ಳಿ. ಉಸಿರಾಟಕ್ಕೆ ಯಾವ ಯಂತ್ರ, ಆಕ್ಸಿಜನ್ ಶೇಕಡಾ ಎಷ್ಟು, ಒಂದು ಹೊತ್ತಿಗೆ ಹಾಲು ಎಷ್ಟು ಮಿಲಿ, ತೂಕ ಎಷ್ಟು, ಉಸಿರು ಮರೆತದ್ದು ಎಷ್ಟು ಸಲ, ಇಷ್ಟನ್ನು ದಿನಾಂಕದೊಂದಿಗೆ ಬರೆಯಿರಿ. ಇಂದಿನ ಪುಟವನ್ನು ನಿನ್ನೆಯದರ ಪಕ್ಕದಲ್ಲಿ ಇಡಬೇಡಿ, ಕಳೆದ ವಾರದ ಇದೇ ದಿನದ ಪಕ್ಕದಲ್ಲಿ ಇಟ್ಟು ನೋಡಿ. ವೈದ್ಯರು ಬಂದಾಗ ‘ಹೇಗಿದ್ದಾಳೆ?’ ಎಂದು ಕೇಳಿದರೆ ‘ಸ್ಥಿರವಾಗಿದ್ದಾಳೆ’ ಎಂಬ ಉತ್ತರ ಬರುತ್ತದೆ, ಅದರಿಂದ ನಿಮಗೆ ಏನೂ ತಿಳಿಯುವುದಿಲ್ಲ. ‘ಯಾವ ನೆರವು ಕಡಿಮೆಯಾಗಿದೆ, ಯಾವುದು ಹೆಚ್ಚಾಗಿದೆ, ಹೆಚ್ಚಾದದ್ದು ಯಾಕೆ?’ ಎಂದು ಕೇಳಿ. ಈ ಪ್ರಶ್ನೆಗೆ ಯಾವ ವೈದ್ಯರೂ ಒಂದೇ ಪದದಲ್ಲಿ ಉತ್ತರಿಸಲಾರರು.

ಇಷ್ಟು ಹೇಳಿದರೂ ಮಾನಿಟರ್ ಕೂಗುವುದು ನಿಲ್ಲುವುದಿಲ್ಲವಲ್ಲ. ದಿನ ತುಂಬದ ಮಕ್ಕಳ ಮೆದುಳಿನಲ್ಲಿ ಉಸಿರಾಟವನ್ನು ನಡೆಸುವ ಭಾಗ ಇನ್ನೂ ಎಳೆಯದು. ಮಗು ನಿದ್ದೆಯಲ್ಲಿ ಉಸಿರಾಡುವುದನ್ನೇ ಮರೆತುಬಿಡುತ್ತದೆ. ಇಪ್ಪತ್ತು ಸೆಕೆಂಡ್ ಅಥವಾ ಅದಕ್ಕಿಂತ ಹೆಚ್ಚು ಹೊತ್ತು ಉಸಿರು ನಿಂತರೆ, ಅಥವಾ ಅದಕ್ಕಿಂತ ಕಡಿಮೆ ಹೊತ್ತಾದರೂ ಜೊತೆಗೆ ಹೃದಯ ಬಡಿತವೋ ಆಕ್ಸಿಜನ್ನೋ ಕುಸಿದರೆ, ಅದನ್ನು ‘ಆಪ್ನಿಯಾ’ ಎನ್ನುತ್ತೇವೆ. ನರ್ಸ್ ಬಂದು ಬೆನ್ನು ಸವರಿದರೆ ಅಥವಾ ಅಂಗಾಲು ಮುಟ್ಟಿದರೆ ಎಷ್ಟೋ ಸಲ ಮಗು ಮತ್ತೆ ಉಸಿರೆಳೆಯುತ್ತದೆ. ಇದಕ್ಕೆ ಕೊಡುವ ಔಷಧ ಕೆಫೀನ್, ಕಾಫಿಯಲ್ಲಿರುವ ಅದೇ ಕೆಫೀನ್. ಬಹುಪಾಲು ಮಕ್ಕಳಲ್ಲಿ ಈ ಮರೆವು, ಗರ್ಭದಲ್ಲಿದ್ದ ವಾರಗಳನ್ನೂ ಸೇರಿಸಿ ಎಣಿಸಿದರೆ, 36–37 ವಾರಗಳ ಹೊತ್ತಿಗೆ ತಾನಾಗಿ ಹೋಗುತ್ತದೆ, ತೀರಾ ಬೇಗ ಹುಟ್ಟಿದವರಲ್ಲಿ ಇನ್ನೂ ಸ್ವಲ್ಪ ತಡವಾಗುತ್ತದೆ. ಎಷ್ಟೋ ಅಲಾರಂಗಳು ಮಗುವಿಗೆ ಸಂಬಂಧಪಟ್ಟವೇ ಆಗಿರುವುದಿಲ್ಲ. ಪಾದಕ್ಕೆ ಸುತ್ತಿದ, ಒಳಗೆ ಕೆಂಪಗೆ ಮಿನುಗುವ ಆ ಪುಟ್ಟ ಪಟ್ಟಿ ಮಗು ಕಾಲು ಝಾಡಿಸಿದಾಗ ಜಾರಿರುತ್ತದೆ. ಅಲಾರಂ ಕೇಳಿಸಿದ ಕೂಡಲೇ ಮಗಳ ತುಟಿಯ ಬಣ್ಣ ನೋಡಿ, ಎದೆಯ ಏರಿಳಿತ ನೋಡಿ. ಅನುಭವವಿರುವ ನರ್ಸ್‌ಗಳೂ ಪರದೆಗಿಂತ ಮೊದಲು ಮಗುವನ್ನೇ ನೋಡುತ್ತಾರೆ.

ಆಕ್ಸಿಜನ್ ಮಟ್ಟ 100 ಯಾಕಿಲ್ಲ, ಇನ್ನೂ ಸ್ವಲ್ಪ ಕೊಡಬಾರದೇ ಎಂದು ಕೇಳುವ ತಂದೆಯರು ಅನೇಕರು. ಆಕ್ಸಿಜನ್ ಪಡೆಯುತ್ತಿರುವ ಇಂಥ ಮಕ್ಕಳ ಮಟ್ಟವನ್ನು ಸಾಮಾನ್ಯವಾಗಿ 90ರಿಂದ 95ರ ನಡುವೆ ಇಡುತ್ತಾರೆ. ಅದಕ್ಕೆ ಹಿಂದೆ ಒಂದು ನೋವಿನ ಪಾಠವಿದೆ. 1940–50ರ ದಶಕಗಳಲ್ಲಿ ಒಳ್ಳೆಯದೆಂದು ನಂಬಿ ಧಾರಾಳವಾಗಿ ಆಕ್ಸಿಜನ್ ಕೊಟ್ಟಾಗ, ಬದುಕುಳಿದ ಸಾವಿರಾರು ಮಕ್ಕಳು ದೃಷ್ಟಿ ಕಳೆದುಕೊಂಡರು. ಹೆಚ್ಚಾದ ಆಕ್ಸಿಜನ್ ಅವರ ಕಣ್ಣಿನ ಅಕ್ಷಿಪಟದ ರಕ್ತನಾಳಗಳ ಬೆಳವಣಿಗೆಯನ್ನು ಕೆಡಿಸಿತ್ತು. ಆರ್‌ಒಪಿ ಎಂದು ಕರೆಯುವ ಈ ತೊಂದರೆಗಾಗಿಯೇ ಹುಟ್ಟಿದ ಎರಡು ಮೂರು ವಾರಗಳಲ್ಲೇ, ತಡವೆಂದರೆ ನಾಲ್ಕು ವಾರಗಳೊಳಗೆ, ನಿಮ್ಮ ಮಗಳ ಕಣ್ಣಿನ ತಪಾಸಣೆ ಆಗಬೇಕು. ಆ ದಿನಾಂಕವನ್ನು ಕೇಳಿ ನೋಟ್‌ಬುಕ್‌ನಲ್ಲಿ ದಪ್ಪಕ್ಷರದಲ್ಲಿ ಬರೆದಿಡಿ. ಸಮಯಕ್ಕೆ ಸರಿಯಾಗಿ ಪತ್ತೆಯಾದರೆ ಚಿಕಿತ್ಸೆಯಿಂದ ದೃಷ್ಟಿ ಉಳಿಸಬಹುದು. ತಡವಾದರೆ ಕಳೆದದ್ದು ಮರಳಿ ಬರುವುದಿಲ್ಲ.

ಉಸಿರಾಟದ ಚಿಕಿತ್ಸೆ ಎಷ್ಟು ದೂರ ಬಂದಿದೆ ಎಂಬುದನ್ನೂ ಹೇಳಬೇಕು, ಧೈರ್ಯಕ್ಕೆ. 1963ರಲ್ಲಿ ಅಮೆರಿಕದ ಅಧ್ಯಕ್ಷ ಜಾನ್ ಎಫ್. ಕೆನಡಿಯವರ ಮಗ ಐದೂವರೆ ವಾರ ಮೊದಲೇ ಹುಟ್ಟಿ, ಉಸಿರಾಟದ ತೊಂದರೆಯಿಂದ ಎರಡು ದಿನ ತುಂಬುವ ಮೊದಲೇ ತೀರಿಕೊಂಡ. ಅವನ ತೂಕ ನಿಮ್ಮ ಮಗಳ ತೂಕಕ್ಕಿಂತ ಹೆಚ್ಚಿತ್ತು. ಶ್ವಾಸಕೋಶದ ಗಾಳಿಚೀಲಗಳು ಉಸಿರು ಬಿಟ್ಟಾಗ ಮುದುಡಿ ಮುಚ್ಚಿಕೊಳ್ಳದಂತೆ ತಡೆಯುವ ಸರ್ಫ್ಯಾಕ್ಟಂಟ್ ಎಂಬ ದ್ರವ ಇಂಥ ಮಕ್ಕಳಲ್ಲಿ ಸಾಲದು ಎಂದು 1959ರಲ್ಲೇ ಗೊತ್ತಾಗಿತ್ತು, ಕೊಡುವ ದಾರಿ ತಿಳಿದಿರಲಿಲ್ಲ. 1980ರಲ್ಲಿ ಜಪಾನಿನ ವೈದ್ಯ ತೆತ್ಸುರೊ ಫುಜಿವಾರಾ ಹಸುವಿನ ಶ್ವಾಸಕೋಶದಿಂದ ತಯಾರಿಸಿದ ಸರ್ಫ್ಯಾಕ್ಟಂಟನ್ನು ಹತ್ತು ಮಕ್ಕಳಿಗೆ ಯಶಸ್ವಿಯಾಗಿ ಕೊಟ್ಟರು. ಇಂದು ಅದು ನಿತ್ಯದ ಚಿಕಿತ್ಸೆ. ನಿಮ್ಮ ಮಗಳಿಗೂ ಮೊದಲ ದಿನವೇ ಕೊಟ್ಟಿರಬಹುದು, ಕೇಳಿ ನೋಡಿ.

ಇನ್ನು ಹಾಲು. ‘ಒಂದು ಹೊತ್ತಿಗೆ ಎರಡು ಮಿಲಿ’ ಎಂದಾಗ ತಾಯಂದಿರ ಮುಖ ಬಾಡುವುದನ್ನು ಎಷ್ಟು ಸಲ ನೋಡಿದ್ದೇನೋ! ಬಾಯಿಯಿಂದ ಹೊಟ್ಟೆಗೆ ಇಳಿಸಿದ ನೂಲಿನಂಥ ನಳಿಕೆಯ ತುದಿಗೆ ಹಿಡಿಕೆ ತೆಗೆದ ಸಿರಿಂಜ್ ಸಿಕ್ಕಿಸಿ, ಅದನ್ನು ಎತ್ತಿ ಹಿಡಿದು ನಿಲ್ಲುತ್ತೇವೆ. ಒತ್ತುವುದಿಲ್ಲ. ಹಾಲು ತನ್ನ ಭಾರಕ್ಕೆ ತಾನೇ, ಕಣ್ಣಿಗೆ ಕಾಣದಷ್ಟು ನಿಧಾನವಾಗಿ ಇಳಿಯುತ್ತದೆ. ಆ ಎರಡು ಮಿಲಿ ಹಸಿವು ತಣಿಸಲು ಕೊಡುವುದಲ್ಲ, ಕರುಳಿಗೆ ಕೆಲಸ ಕಲಿಸಲು ಕೊಡುವುದು. ಪೋಷಣೆಯ ಹೆಚ್ಚಿನ ಪಾಲು ಆಗ ರಕ್ತನಾಳದ ಮೂಲಕ ಹೋಗುತ್ತಿರುತ್ತದೆ. ಪೂರ್ಣ ಪ್ರಮಾಣವೆಂದರೆ ದಿನಕ್ಕೆ ಕಿಲೋ ತೂಕಕ್ಕೆ ಸುಮಾರು 150 ಮಿಲಿ. ನಿಮ್ಮ ಮಗಳ ಲೆಕ್ಕದಲ್ಲಿ ದಿನಕ್ಕೆ 170 ಮಿಲಿಯ ಆಸುಪಾಸು, ಎರಡು ಗಂಟೆಗೊಮ್ಮೆ ಕೊಟ್ಟರೆ ಹೊತ್ತಿಗೆ 14 ಮಿಲಿ. ಎರಡರಿಂದ ಹದಿನಾಲ್ಕಕ್ಕೆ ಹೋಗುವ ದಾರಿಯಲ್ಲಿ ಹೊಟ್ಟೆ ಉಬ್ಬಿದರೆ, ವಾಂತಿ ಹಸಿರಾದರೆ, ಹಾಲು ನಿಲ್ಲಿಸಿ ನೋಡುತ್ತಾರೆ. ಎಳೆಯ ಕರುಳಿಗೆ ತೀವ್ರ ಉರಿಯೂತ ಬರುವ ಅಪಾಯವಿರುವುದರಿಂದ ಈ ಎಚ್ಚರ. ನಿಲ್ಲಿಸಿದ್ದು ಮುನ್ನೆಚ್ಚರಿಕೆಗೋ, ತೊಂದರೆ ಖಚಿತವಾಗಿಯೋ ಎಂದು ನೇರವಾಗಿ ಕೇಳಿ. ಎರಡಕ್ಕೂ ಬಹಳ ವ್ಯತ್ಯಾಸವಿದೆ.

ಆ ಉರಿಯೂತದ ಅಪಾಯವನ್ನು ತಗ್ಗಿಸುವುದರಲ್ಲಿ ಎದೆಹಾಲಿನಷ್ಟು ನೆರವಾಗುವುದು ಬೇರೆ ಯಾವುದೂ ಇಲ್ಲ. ರಾತ್ರಿಯೂ ಸೇರಿ ದಿನಕ್ಕೆ ಎಂಟು ಸಲ ಹಾಲು ಹಿಂಡಿ ತೆಗೆದರೆ ಪೂರೈಕೆ ಉಳಿಸಿಕೊಳ್ಳಲು ನೆರವಾಗುತ್ತದೆ. ತಾಯಿಯ ಹಾಲು ಸಾಲದಿದ್ದರೆ ದಾನಿ ತಾಯಂದಿರ ಹಾಲು ಸಿಗುವ ಕಡೆ ಅದನ್ನು ಕೊಡುತ್ತಾರೆ. ಹಾಲು ಬರಲಿಲ್ಲವೆಂದು ಯಾವ ತಾಯಿಯೂ ತನ್ನನ್ನು ತಾನು ಹಳಿದುಕೊಳ್ಳಬಾರದು. ದೇಹ ದಣಿದಿರುತ್ತದೆ, ಮನಸ್ಸು ಬೆದರಿರುತ್ತದೆ, ಮಗು ಪಕ್ಕದಲ್ಲಿಲ್ಲ. ಕಷ್ಟವಾಗದೆ ಇನ್ನೇನು?

ತೂಕದ ವಿಚಾರ ಬೇಗ ಮುಗಿಸುತ್ತೇನೆ. ಮೊದಲ ದಿನಗಳಲ್ಲಿ ಹುಟ್ಟುತೂಕದ ಶೇ 10ರಷ್ಟು, ಕೆಲವೊಮ್ಮೆ ಇನ್ನೂ ಸ್ವಲ್ಪ ಹೆಚ್ಚು ಇಳಿಯುವುದು ಸಹಜ. ಎರಡು ವಾರಗಳ ಹೊತ್ತಿಗೆ ಬಹುತೇಕ ಮಕ್ಕಳು ಹುಟ್ಟುತೂಕಕ್ಕೆ ಮರಳುತ್ತಾರೆ, ತೀರಾ ಸಣ್ಣವರು ಮೂರು ವಾರ ತೆಗೆದುಕೊಳ್ಳಬಹುದು. ಆಮೇಲೆ ದಿನಕ್ಕೆ ಇಪ್ಪತ್ತು ಗ್ರಾಂ ಸರಾಸರಿ ಬಂದರೆ ನಿಮ್ಮ ಮಗಳಿಗೆ ಅದು ಒಳ್ಳೆಯ ಬೆಳವಣಿಗೆ. ಒಂದೇ ದಿನದಲ್ಲಿ ಅರವತ್ತು ಎಪ್ಪತ್ತು ಗ್ರಾಂ ಏರಿದರೆ ಹಿಗ್ಗುವ ಮೊದಲು ಕೇಳಿ, ಅದು ದೇಹದಲ್ಲಿ ನಿಂತ ನೀರಿರಬಹುದು.

ನಿಮ್ಮ ಪತ್ರದಲ್ಲಿ ಒಂದು ಮಾತು ಇಲ್ಲದ್ದು ಕಂಡು ಬೇಸರವಾಯಿತು: ಮಗಳನ್ನು ಎದೆಗೆ ಅಪ್ಪಿಕೊಂಡಿರೇ? 1978ರಲ್ಲಿ ಕೊಲಂಬಿಯಾದ ಬೊಗೊಟಾದಲ್ಲಿ ಎಡ್ಗರ್ ರೇ ಸನಾಬ್ರಿಯಾ ಎಂಬ ವೈದ್ಯರು ಮಕ್ಕಳನ್ನು ಬೆಚ್ಚಗಿಡುವ ಪೆಟ್ಟಿಗೆಗಳಾದ ಇನ್‌ಕ್ಯುಬೇಟರ್‌ಗಳು ಸಾಲದೆ ಬಂದಾಗ ಮಕ್ಕಳನ್ನು ತಾಯಂದಿರ ಎದೆಯ ಮೇಲೆ, ಚರ್ಮಕ್ಕೆ ಚರ್ಮ ತಾಗುವಂತೆ ಇರಿಸುವ ಕ್ರಮ ಆರಂಭಿಸಿದರು. ಇದೇ ಕಾಂಗರೂ ಆರೈಕೆ. ಘಾನಾ, ಭಾರತ, ಮಲಾವಿ, ನೈಜೀರಿಯಾ, ತಾಂಜಾನಿಯಾದ ಆಸ್ಪತ್ರೆಗಳಲ್ಲಿ ನಡೆದು 2021ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಮಗು ಸ್ಥಿರವಾಗುವವರೆಗೆ ಕಾಯದೆ ಹುಟ್ಟಿದ ಕೂಡಲೇ ಇದನ್ನು ಆರಂಭಿಸಿದಾಗ ಮೊದಲ 28 ದಿನಗಳ ಸಾವು ಶೇ 25ರಷ್ಟು ಕಡಿಮೆಯಾದದ್ದು ಕಂಡುಬಂತು. ಮರುವರ್ಷ ವಿಶ್ವ ಆರೋಗ್ಯ ಸಂಸ್ಥೆ ದಿನಕ್ಕೆ ಎಂಟರಿಂದ ಇಪ್ಪತ್ನಾಲ್ಕು ಗಂಟೆ ಹೀಗೆ ಇರಿಸಿಕೊಳ್ಳಲು ಶಿಫಾರಸು ಮಾಡಿತು. ಸಿಪ್ಯಾಪ್ ಇದ್ದರೂ ನರ್ಸ್ ನೆರವಿನಿಂದ ಇದು ಸಾಧ್ಯ. ತಂದೆಯ ಎದೆಯೂ ಆಗುತ್ತದೆ. ಮಗು ಕಪ್ಪೆಯ ಹಾಗೆ ಕೈಕಾಲು ಮಡಚಿ ಮಲಗಿ, ಒಂದು ಕೆನ್ನೆ ನಿಮ್ಮ ಎದೆಗೆ ಒತ್ತಿ, ಮೂಗು ಹೊರಗೆ ತೆರೆದಿರಬೇಕು. ಒಮ್ಮೆ ಕೂತರೆ ಒಂದು ಗಂಟೆಯಾದರೂ ಏಳಬೇಡಿ.

ಹಾಗೆ ಎತ್ತಿಕೊಳ್ಳಲಾಗದ ದಿನ ಇನ್‌ಕ್ಯುಬೇಟರ್‌ನ ಕಿಂಡಿಯಿಂದ ಕೈ ಒಳಗಿಟ್ಟು, ಒಂದು ಅಂಗೈಯನ್ನು ತಲೆಗೆ, ಇನ್ನೊಂದನ್ನು ಮಡಚಿದ ಕಾಲುಗಳಿಗೆ ಆನಿಸಿ ಸುಮ್ಮನೆ ಹಿಡಿದಿರಿ. ಸವರಬೇಡಿ. ಸವರಿದರೆ ಇಷ್ಟು ಎಳೆಯ ಮಗುವಿನ ನರಗಳಿಗೆ ಅದು ಹೊರೆಯಾಗುತ್ತದೆ. ಐದೂ ಬೆರಳು ಬಿಡಿಸಿ ಅಂಗೈ ಚಾಚಿದರೆ, ಬಿಕ್ಕಳಿಸಿದರೆ, ಮುಖ ಅತ್ತ ತಿರುಗಿಸಿದರೆ ‘ಈಗ ಸಾಕು’ ಎಂದು ಅರ್ಥ. ಬೆರಳುಗಳನ್ನು ಬಾಯಿಯ ಬಳಿ ತಂದು, ಹುಬ್ಬು ಸಡಿಲಿಸಿ ಮಲಗಿದರೆ ಅವಳು ನೆಮ್ಮದಿಯಾಗಿದ್ದಾಳೆ. ಯಾವ ಯಂತ್ರವೂ ತೋರಿಸದ ಇದನ್ನು ಹೆತ್ತವರು ನರ್ಸ್‌ಗಳಿಗಿಂತ ಬೇಗ ಕಲಿಯುತ್ತಾರೆ. ‘ಇವತ್ತು ಯಾಕೋ ಇವಳು ಎಂದಿನ ಹಾಗಿಲ್ಲ’ ಎಂದು ಒಬ್ಬ ತಾಯಿ ಹೇಳಿದರೆ ನಾನು ಅದನ್ನು ಚಾರ್ಟ್‌ನಲ್ಲಿ ಬರೆದು ವೈದ್ಯರಿಗೆ ತಿಳಿಸುತ್ತೇನೆ. ಸೋಂಕು ಶುರುವಾಗುವಾಗ ಮೊದಲು ಕಾಣುವುದು ಎಷ್ಟೋ ಸಲ ಅಷ್ಟೇ: ಮಗು ಮಂಕಾಗುತ್ತದೆ, ಬಣ್ಣ ಬೂದಿಯಾಗುತ್ತದೆ, ಉಸಿರು ಮರೆಯುವುದು ದಿಢೀರನೆ ಹೆಚ್ಚುತ್ತದೆ. ಬೇಡವಾಗಿದ್ದ ನೆರವು ಒಟ್ಟೊಟ್ಟಿಗೆ ಮತ್ತೆ ಬೇಕಾಗತೊಡಗಿದರೆ ಆತಂಕಪಡಬೇಕಾದದ್ದೇ. ಆಗ ವೈದ್ಯರೊಂದಿಗೆ ಕೂತು ಮಾತನಾಡಲು ಸಮಯ ಕೇಳಿ, ಅದು ನಿಮ್ಮ ಹಕ್ಕು.

ಮನೆಗೆ ಯಾವಾಗ ಎಂದು ನೀವು ಕೇಳಿಲ್ಲ. ಕೇಳಲು ಹೆದರಿಕೆ ಇರಬಹುದು. ಅದಕ್ಕೆ ಇಂತಿಷ್ಟೇ ತೂಕ ಎಂಬುದಕ್ಕಿಂತ ಮುಖ್ಯವಾದವು ಬೇರೆ ಇವೆ. ತೆರೆದ ತೊಟ್ಟಿಲಲ್ಲಿ ಮೈ ಬೆಚ್ಚಗೆ ಉಳಿಯಬೇಕು, ಹಾಲನ್ನೆಲ್ಲ ಬಾಯಿಯಿಂದಲೇ ಕುಡಿಯಬೇಕು, ತೂಕ ಏರುತ್ತಿರಬೇಕು, ಕೆಲವು ದಿನ ಸತತವಾಗಿ ಉಸಿರು ಮರೆಯದೆ ಇರಬೇಕು. ಚೀಪುವುದು, ನುಂಗುವುದು, ಉಸಿರಾಡುವುದು ಮೂರನ್ನೂ ಹೊಂದಿಸುವ ಜಾಣ್ಮೆ ಬರುವುದೇ 32–34 ವಾರಗಳಲ್ಲಿ. ನಿಮ್ಮ ಮಗಳಿಗೆ ಈಗ 31 ವಾರ. ಹಾಗಾಗಿ ಹೆರಿಗೆಗೆ ಮೊದಲು ಕೊಟ್ಟಿದ್ದ ದಿನಾಂಕವನ್ನೇ ಮನಸ್ಸಿನಲ್ಲಿ ಇಟ್ಟುಕೊಳ್ಳಿ. ಅನೇಕ ಮಕ್ಕಳು ಅದಕ್ಕೆ ಕೆಲವು ವಾರ ಮೊದಲೇ ಮನೆಗೆ ಹೋಗುತ್ತಾರೆ, ಕೆಲವರು ಅದನ್ನು ದಾಟುತ್ತಾರೆ.

ಆ ದಿನಾಂಕವನ್ನು ನೋಟ್‌ಬುಕ್‌ನ ಮೊದಲ ಪುಟದಲ್ಲಿ ಬರೆದಿಡಿ. ಎರಡು ವರ್ಷ ತುಂಬುವವರೆಗೂ ಅದು ಬೇಕಾಗುತ್ತದೆ. ಕುತ್ತಿಗೆ ನಿಲ್ಲುವುದು, ಕೂರುವುದು, ನಡೆಯುವುದು ಎಲ್ಲವನ್ನೂ ಅವಳಿಗೆ ಅಲ್ಲಿಂದ ಎಣಿಸಬೇಕು. ಲಸಿಕೆಗಳಿಗೆ ಮಾತ್ರ ಹುಟ್ಟಿದ ದಿನದಿಂದಲೇ ಲೆಕ್ಕ.